ಕಾಕಾ, ನಾನು ಮತ್ತು ಎರಡು ಪಿನ್ನಿನ ಹೆಡ್‌ಸೆಟ್

ಬುಧವಾರ, ಫೆಬ್ರುವರಿ 12, 2025

ಹುಬ್ಬಳ್ಳಿ ಸ್ಟೇಷನ್ನಿಗೆ ಹೋದಾಗಲೆಲ್ಲ ನನ್ನ ತಲೆಯಲ್ಲಿ ಒಂದು ಹುಚ್ಚು ಲೆಕ್ಕ ಓಡುತ್ತದೆ. ಇಲ್ಲಿನ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು ಅಂತ ಹೆಸರಾಗಿದೆ. ನಾನು ಹಾರಲು ಕಲಿಯುತ್ತಿರುವ ಸೆಸ್ನಾ 172 ಇಳಿದು ನಿಲ್ಲಲು ಐನೂರು ಮೀಟರ್ ಇದ್ದರೆ ಧಾರಾಳ. ಅಂದರೆ ಒಂದರ ಹಿಂದೆ ಒಂದು ಮೂರು ವಿಮಾನ ಇಳಿಸಬಹುದು! ತೊಂದರೆ ಇರುವುದು ಅಗಲದ್ದು. ರೆಕ್ಕೆಯ ತುದಿಯಿಂದ ತುದಿಗೆ 11 ಮೀಟರ್. ಮೇಲೆ ಶೆಡ್ಡು, ಕೆಳಗೆ ಚಹಾದ ಗಾಡಿ, ನಡುವೆ ಗಂಟುಮೂಟೆ ಇಟ್ಟುಕೊಂಡು ಮಲಗಿದ ಜನ. ಆಗುವ ಮಾತಲ್ಲ. ಆದರೂ ಲೆಕ್ಕ ಹಾಕುವುದು ಬಿಡುವುದಿಲ್ಲ.

ಸಂಜೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಬೆಂಗಳೂರಿಗೆ ನೇರ ಹೋಗುವ ಗಾಡಿ ಎಷ್ಟೋ ಇವೆ. ಇದು ಗದಗ, ಹೊಸಪೇಟೆ, ಬಳ್ಳಾರಿ ಎಲ್ಲ ಸುತ್ತಿಕೊಂಡು ಹೋಗುತ್ತದೆ. ಆದರೆ ಬೆಂಗಳೂರಿಗೆ ಮೊದಲೇ ಯಲಹಂಕದಲ್ಲಿ ನಿಲ್ಲುತ್ತದೆ, ನಮಗೆ ಬೇಕಾದದ್ದೇ ಅದು. ಏರೋ ಇಂಡಿಯಾ ನಡೆಯುವುದು ಯಲಹಂಕದ ವಾಯುಪಡೆ ನೆಲೆಯಲ್ಲಿ. 1996ರಲ್ಲಿ ಶುರುವಾದ ಈ ವಿಮಾನ ಪ್ರದರ್ಶನಕ್ಕೆ ಇದು ಹದಿನೈದನೇ ಸಲ. ಹತ್ತನೇ ತಾರೀಕಿನಿಂದ ಹನ್ನೆರಡರವರೆಗೆ ವ್ಯಾಪಾರದವರಿಗೆ, ಹದಿಮೂರು ಮತ್ತು ಹದಿನಾಲ್ಕು ನಮ್ಮಂಥವರಿಗೆ.

ಇನ್ನೊಂದು ಕಾರಣ ಕಾಕಾ. ಅವನು ಗದಗದಲ್ಲಿ ಹತ್ತುತ್ತಾನೆ.

ಕಾಕಾನದು ಕಪ್ಪತಗುಡ್ಡದ ಬುಡದ ಊರು. ನನ್ನ ತರಬೇತಿಗೆ ಅಪ್ಪ ಸಾಲ ಮಾಡಿದ್ದಾರೆ. ಸಾಮಾನಿನ ಖರ್ಚು ನಂದು ಅಂತ ಕಾಕಾ ಹೋದ ದಸರೆಗೇ ಹೇಳಿಬಿಟ್ಟಿದ್ದ. ಬ್ಯಾಡಗಿ ಮಾರ್ಕೆಟ್ಟಿಗೆ ಹಾಕಿದ ಮೆಣಸಿನಕಾಯಿಯ ದುಡ್ಡು ಬಂದಿದೆ, ನಡಿ ಅಂದ. ನಾನು ಮಾಡಿದ ಪಟ್ಟಿಯಲ್ಲಿ ಹೆಡ್‌ಸೆಟ್ ಮೊದಲು. ಆಮೇಲೆ ಫ್ಲೈಟ್ ಕಂಪ್ಯೂಟರ್, ತೊಡೆಗೆ ಕಟ್ಟಿಕೊಳ್ಳುವ ನೀಬೋರ್ಡ್, ಇಂಧನ ಪರೀಕ್ಷೆ ಮಾಡುವ ಕೊಳವೆ, ಕೆಂಪು ಬೆಳಕಿನ ಟಾರ್ಚು, ತಂಪು ಕನ್ನಡಕ. ವಿಮಾನದ ಜಾತ್ರೆ ಅಂದಮೇಲೆ ವಿಮಾನದ ಸಾಮಾನೂ ಅಲ್ಲೇ ಸಿಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಜಾತ್ರೆಯಲ್ಲಿ ಬಳೆ ಸಿಗುವುದಿಲ್ಲವೇ, ಹಾಗೆ.

ಅಕಸ್ಮಾತ್ ಸಿಗದಿದ್ದರೆ ಇರಲಿ ಅಂತ ಇನ್ನೊಂದು ಕೆಲಸವನ್ನೂ ಮಾಡಿದ್ದೆ. ಫೋನಿನಲ್ಲಿ ಫೋಟೋ ನೋಡಿ, ಬೆಂಗಳೂರಿನ ಒಬ್ಬ ವ್ಯಾಪಾರಿಗೆ ಹಳೇ ಹೆಡ್‌ಸೆಟ್ಟಿಗಾಗಿ ನಾಲ್ಕು ಸಾವಿರ ಮುಂಗಡ ಕಳಿಸಿದ್ದೆ. ಹಸಿರು ಬಣ್ಣದ್ದು, ಡೇವಿಡ್ ಕ್ಲಾರ್ಕ್ ಕಂಪನಿಯದು. ಒಟ್ಟು ಒಂಬತ್ತು ಸಾವಿರ ಅಂದಿದ್ದ. ಅಷ್ಟು ಅಗ್ಗಕ್ಕೆ ಯಾಕೆ ಕೊಡುತ್ತಾನೆ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಅಣ್ಣಿಗೇರಿ ದಾಟುವಾಗ ಪೂರ್ತಿ ಕತ್ತಲಾಗಿತ್ತು. ಗದಗ ಹತ್ತಿರ ಬಂದಂತೆ ಗುಡ್ಡದ ಕಡೆ ಗಾಳಿ ಫ್ಯಾನುಗಳ ಕೆಂಪು ದೀಪಗಳು ಕಂಡವು. ಚಿಕ್ಕವಳಿದ್ದಾಗ ಅವು ಯಾರಿಗೋಸ್ಕರ ಹೊತ್ತಿಕೊಂಡಿವೆ ಅಂತ ಗೊತ್ತಿರಲಿಲ್ಲ. ಈಗ ಗೊತ್ತು, ನನ್ನಂಥವರಿಗೋಸ್ಕರ. ರಾತ್ರಿ ಹಾರುವವರು ಹೋಗಿ ಗುದ್ದಬಾರದು ಅಂತ.

ಕಾಕಾ ಬಿಳಿ ಧೋತರ, ಟೊಪ್ಪಿಗೆ ಹಾಕಿಕೊಂಡು, ಎರಡು ಚೀಲ ಹಿಡಿದು ಹತ್ತಿದ. ಒಂದರಲ್ಲಿ ಬಟ್ಟೆ. ಇನ್ನೊಂದರಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಎಣ್ಣೆಗಾಯಿ, ಡಬ್ಬಿ ತುಂಬ ಕೆನೆಮೊಸರು.

"ಮೂರು ದಿನಕ್ಕ ಇಷ್ಟ್ಯಾಕ ಕಾಕಾ?"

"ಅಲ್ಲೆ ಊಟ ಎಂಥಾದ್ದೋ ಏನೋ, ಯಾರಿಗ್ಗೊತ್ತು. ನೀ ಕೈ ತೊಳಕೊಂಡ ಬಾ."

ಗುರುವಾರ, ಫೆಬ್ರುವರಿ 13

ನಸುಕಿನಲ್ಲಿ ಯಲಹಂಕದಲ್ಲಿ ಇಳಿದೆವು. ಸೋದರತ್ತೆಯ ಮಗಳ ಮನೆ ನ್ಯೂ ಟೌನಿನಲ್ಲಿದೆ. ಸ್ನಾನ ಮಾಡಿ ಚಹಾ ಕುಡಿಯುತ್ತಿದ್ದಾಗ ಭಾವ ತಮ್ಮ ಗೋಳು ಹೇಳಿಕೊಂಡರು. ಜನವರಿ 23ರಿಂದ ಫೆಬ್ರುವರಿ 17ರವರೆಗೆ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಒಳಗೆ ಮಾಂಸ ಮಾರುವಂತಿಲ್ಲ, ಹೋಟೆಲಿನಲ್ಲಿ ಬಡಿಸುವಂತಿಲ್ಲ. ಮೂರು ವಾರದಿಂದ ಬಿರಿಯಾನಿ ಕಂಡಿಲ್ಲವಂತೆ.

"ಇದೆಂಥಾ ಕಾನೂನು, ವಿಮಾನಕ್ಕೂ ಕೋಳಿಗೂ ಏನ್ ಸಂಬಂಧ?" ಅಂದರು.

ಇಂಥ ಪ್ರಶ್ನೆಗೆ ನಾನು ಕಾಯುತ್ತಿರುತ್ತೇನೆ. ಏರ್ ರೆಗ್ಯುಲೇಷನ್ ಪರೀಕ್ಷೆಗೆ ಓದಿದ್ದು ಸುಮ್ನೆ ಹೋಗಬಾರದಲ್ಲ. ಮಾಂಸದ ಚೂರು ರಸ್ತೆ ಬದಿ ಬಿದ್ದರೆ ಹದ್ದು ಬರುತ್ತದೆ. ಹದ್ದು ಸುಮಾರು ಒಂದು ಕಿಲೋ ತೂಗುವ ಹಕ್ಕಿ. ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಬರುವ ಜೆಟ್ಟಿನ ಎಂಜಿನ್ ಒಳಗೆ ಅದು ಹೋದರೆ ಎಂಜಿನ್ನಿನ ಕಥೆ ಮುಗಿಯಿತು. ಪ್ರದರ್ಶನದಲ್ಲಿ ಎಲ್ಲರೂ ಕೆಳಮಟ್ಟದಲ್ಲೇ ಹಾರುವುದು, ಹದ್ದು ಸುತ್ತುವ ಎತ್ತರದಲ್ಲೇ. ಹಾಗೆ ನೋಡಿದರೆ ಯಾವುದೇ ವಿಮಾನ ನಿಲ್ದಾಣದ ಹತ್ತು ಕಿಲೋಮೀಟರ್ ಸುತ್ತ ಬಯಲಿನಲ್ಲಿ ಪ್ರಾಣಿ ಕಡಿದು ಕಸ ಚೆಲ್ಲುವಂತಿಲ್ಲ ಅಂತ 1937ರ ವಿಮಾನ ನಿಯಮದಲ್ಲೇ ಇದೆ. ಭಾವ ಪೂರ್ತಿ ಕೇಳಿಸಿಕೊಂಡರು. "ಹಂಗಾದ್ರೆ ಹದ್ದಿಗೆ ಹೇಳಮ್ಮ" ಅಂದು ಆಫೀಸಿಗೆ ಹೊರಟರು.

ಟಿಕೆಟ್ ಒಬ್ಬರಿಗೆ 2,500 ರೂಪಾಯಿ. ಬರೀ ಹಾರಾಟ ನೋಡುವ ಜಾಗಕ್ಕಾದರೆ ಸಾವಿರ. ನನಗೆ ಒಳಗಿನ ಮಳಿಗೆಗಳೂ ಬೇಕಿದ್ದವು. ಹಾಗಾಗಿ ಇಬ್ಬರಿಗೂ ಸೇರಿ ಐದು ಸಾವಿರ. ಈ ಅಂಕಿ ಕೇಳಿ ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದು ಕ್ವಿಂಟಲ್ ಕಡ್ಲಿಗೆ ಸ್ವಲ್ಪ ಕಮ್ಮಿ" ಅಂದ. ಇಡೀ ದಿನ ಅವನು ಎಲ್ಲ ಬೆಲೆಯನ್ನೂ ಕಡಲೆಯಲ್ಲೇ ಅಳೆದ. ನೀರಿನ ಬಾಟಲಿಯನ್ನೂ ಬಿಡಲಿಲ್ಲ.

ಜಿಕೆವಿಕೆಯಿಂದ ಬಿಎಂಟಿಸಿ ಬಸ್ಸು. ಕಾಕಾನಿಗೆ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅಂತ ಗೊತ್ತಾಗಿದ್ದೇ ತಡ, ಬಸ್ಸಿನ ಸಾಲು ಬಿಟ್ಟು ಒಳಗಿನ ಹೊಲ ನೋಡಲು ಹೊರಟಿದ್ದ. ಕೈ ಹಿಡಿದು ಎಳೆದುಕೊಂಡು ಬಂದೆ.

ಒಳಗೆ ಕಾಲಿಟ್ಟ ಮೇಲೆ ಅರ್ಧ ಗಂಟೆಯಲ್ಲಿ ನನ್ನ ಪಟ್ಟಿಯ ಗತಿ ಏನು ಅಂತ ತಿಳಿಯಿತು. 900ಕ್ಕೂ ಹೆಚ್ಚು ಕಂಪನಿಗಳು ಬಂದಿವೆ. ರಾಡಾರ್, ಕ್ಷಿಪಣಿ, ಡ್ರೋನ್, ಎಂಜಿನ್ನಿನ ಬ್ಲೇಡು, ಯಾವುದೋ ವಿಮಾನದ ಚಕ್ರದ ಬ್ರೇಕು, ಎಲ್ಲ ಇವೆ. ಮಾರುವುದಕ್ಕೇ ಇಟ್ಟಿದ್ದಾರೆ, ನಿಜ. ಆದರೆ ಕೊಳ್ಳುವವರು ದೇಶಗಳು. ಒಂದು ಮಳಿಗೆಯಲ್ಲಿ ಪೈಲಟ್ ಹೆಲ್ಮೆಟ್ ಕಂಡಿತು. ಧೈರ್ಯ ಮಾಡಿ, ಸೆಸ್ನಾಕ್ಕೆ ಆಗುವ ಹೆಡ್‌ಸೆಟ್ ಇದೆಯೇ ಅಂತ ಕೇಳಿದೆ. ಟೈ ಕಟ್ಟಿದ್ದ ಹುಡುಗ ಬಹಳ ಮರ್ಯಾದೆಯಿಂದಲೇ ನಕ್ಕ. "ಮೇಡಂ, ನಮ್ಮಲ್ಲಿ ಒಂದೊಂದು ಕೊಡೋದಿಲ್ಲ, ಒಂದು ಸ್ಕ್ವಾಡ್ರನ್ನಿಗೆ ಆಗುವಷ್ಟು ತಗೋಬೇಕು" ಅಂದ. ಹೊರಡುವಾಗ ಒಂದು ಪೆನ್ನು ಕೊಟ್ಟ. ಆ ಜಾತ್ರೆಯಲ್ಲಿ ನಾನು ಗಳಿಸಿದ ವೈಮಾನಿಕ ಸಾಮಗ್ರಿ ಅದೊಂದೇ.

"ಧಾರವಾಡದ ಕೃಷಿ ಮೇಳ ಇದಕ್ಕಿಂತ ಚಲೋ," ಅಂದ ಕಾಕಾ. "ಅಲ್ಲೆ ಟ್ರ್ಯಾಕ್ಟರ್ ಮ್ಯಾಲೆ ಹತ್ತಿ ಕುಂತ ನೋಡಬಹುದು. ಬೀಜದ ಪಾಕೀಟಾದ್ರೂ ಕೊಡತಾರ."

ಆದರೂ ಎಚ್‌ಎಎಲ್ ಜಾಗದಲ್ಲಿ ನಾವು ಬಹಳ ಹೊತ್ತು ನಿಂತೆವು. ಎಲ್ಲರೂ ತೇಜಸ್ ಮುಂದೆ ಸೆಲ್ಫಿ ತೆಗೆಯುತ್ತಿದ್ದರು. ನನಗೆ ಕಲಿಯುವವರ ವಿಮಾನಗಳ ಮೇಲೆ ಕಣ್ಣು. ಎಚ್‌ಜೆಟಿ-36 ತರಬೇತಿ ಜೆಟ್ಟಿಗೆ ಈ ಪ್ರದರ್ಶನದಲ್ಲೇ 'ಯಶಸ್' ಅಂತ ಹೊಸ ಹೆಸರಿಟ್ಟಿದ್ದಾರೆ. ಅದಕ್ಕಿಂತ ನನಗೆ ಹಿಡಿಸಿದ್ದು ಎಚ್‌ಟಿಟಿ-40. ಮೂತಿಯ ಮೇಲೆ ಪ್ರೊಪೆಲ್ಲರ್, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು. ವಾಯುಪಡೆಗೆ ಸೇರಿದ ಹೊಸ ಹುಡುಗ ಹುಡುಗಿಯರು ಮೊದಲು ಹಾರಲಿ ಅಂತಲೇ ಮಾಡಿದ್ದು. 2016ರಲ್ಲಿ ಮೊದಲ ಸಲ ಹಾರಿತು. ಇಂಥವು 70 ಬೇಕು ಅಂತ ವಾಯುಪಡೆ ಹೇಳಿಟ್ಟಿದೆ.

"ಇದಕ್ಕ ಎಣ್ಣಿ ಯಾವುದು?" ಕಾಕಾ ಕೇಳಿದ.

"ಎಟಿಎಫ್. ಚಿಮಣಿ ಎಣ್ಣಿನ ಸೋಸಿ ಚೊಕ್ಕ ಮಾಡಿದ್ದು ಅನಕೋ."

"ಮತ್ತ ನಿಂದಕ್ಕ?"

"ನಂದಕ್ಕ ಬ್ಯಾರೆ. ಪೆಟ್ರೋಲಿನ ಜಾತಿ. ನೀಲಿ ಬಣ್ಣ ಹಾಕಿರತಾರ, ಬ್ಯಾರೆದ್ದರ ಜೋಡಿ ಅದಲಿ ಬದಲಿ ಆಗಬಾರದಂತ. ನಂದು 180 ಹಾರ್ಸ್‌ಪವರ್ ಎಂಜಿನ್ನು."

ಕಾಕಾನ ಟ್ರ್ಯಾಕ್ಟರು 45. ಬೆರಳಲ್ಲಿ ಎಣಿಸಿ, "ನಾಕು ಟ್ರ್ಯಾಕ್ಟರ್ ಕಟ್ಟಿದಂಗಾತು. ಅಷ್ಟ ಸಾಕೇನು ಮ್ಯಾಲೆ ಹೋಗಾಕ?" ಅಂದ. ಸಾಕು ಅಂದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಹಾರಾಟ ಶುರುವಾದಾಗ ಬಿಸಿಲು ನೆತ್ತಿಯ ಮೇಲಿತ್ತು. ನೆರಳು ಅನ್ನುವುದೇ ಇಲ್ಲ. ಕಾಕಾ ಟವೆಲ್ ಹಾಸಿ ಅಂಗಾತ ಮಲಗಿಬಿಟ್ಟ. ಕುತ್ತಿಗೆ ನೋವಾಗುವವರೆಗೆ ನಿಂತು ನೋಡಿದ ಮೇಲೆ ಅದೇ ಬುದ್ಧಿವಂತಿಕೆ ಅನ್ನಿಸಿ ನಾನೂ ಪಕ್ಕಕ್ಕೆ ಮಲಗಿದೆ.

ರಷ್ಯಾದ ಸುಖೋಯ್-57 ಬಂತು. ಅಮೆರಿಕದ ಎಫ್-35 ಕೂಡ ಇದೇ ಪ್ರದರ್ಶನದಲ್ಲಿತ್ತು. ಎರಡೂ ಒಂದೇ ಕಡೆ ಬಂದಿವೆ ಅಂತ ಪೇಪರಿನವರಿಗೆ ಬಹಳ ಖುಷಿ. ನನ್ನ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ. ಆ ಸುಖೋಯ್ ಮೂತಿ ಮೇಲೆತ್ತಿ, ವೇಗ ಕಳೆದುಕೊಂಡು, ಗಾಳಿಯಲ್ಲಿ ನೇತು ಹಾಕಿದ ಹಾಗೆ ನಿಂತಿತು. ಹೋದ ತಿಂಗಳಷ್ಟೇ ನನಗೆ ಸ್ಟಾಲ್ ಕಲಿಸಿದ್ದಾರೆ. ರೆಕ್ಕೆ ಗಾಳಿಗೆ ಜಾಸ್ತಿ ಕೋನದಲ್ಲಿ ಹೋದರೆ, ನಮ್ಮಂಥ ವಿಮಾನಕ್ಕೆ ಹದಿನೈದು ಹದಿನಾರು ಡಿಗ್ರಿ ದಾಟಿದರೆ, ರೆಕ್ಕೆಯ ಮೇಲಿನ ಗಾಳಿ ಚೆದುರಿ ಎತ್ತುವ ಬಲ ಬಿದ್ದುಹೋಗುತ್ತದೆ. ಹಾರ್ನ್ ಕುಂಯ್ ಅನ್ನುತ್ತದೆ, ವಿಮಾನ ನಡುಗುತ್ತದೆ, ಹೊಟ್ಟೆ ಬಾಯಿಗೆ ಬರುತ್ತದೆ. ಆಗ ಮೂತಿ ಇಳಿಸು, ಪವರ್ ಕೊಡು, ಅಷ್ಟೇ ಮಂತ್ರ. ಇಲ್ಲಿ ನೋಡಿದರೆ ಈ ಪುಣ್ಯಾತ್ಮ ಬೇಕಂತಲೇ ಅಲ್ಲಿಗೆ ಹೋಗಿ, ಎಂಜಿನ್ನಿನ ಹಿಂದಿನ ನಳಿಗೆಯನ್ನೇ ಆ ಕಡೆ ಈ ಕಡೆ ತಿರುಗಿಸಿ, ಆರಾಮಾಗಿ ಹೊರಬರುತ್ತಾನೆ. ಗೊತ್ತಿಲ್ಲದೆ ನನ್ನ ಬಲಗೈ ಮುಂದಕ್ಕೆ ಒತ್ತುತ್ತಿತ್ತು, ಪವರ್ ಕೊಡುವ ಹಾಗೆ.

"ಏನ್ ಮಾಡಾಕತ್ತೀ?"

"ಸ್ಟಾಲ್ ಆತು ಕಾಕಾ, ಅದಕ್ಕ."

"ಸ್ಟಾಲ್ ಅಂದ್ರ ಅಂಗಡಿ ಅಲ್ಲೇನು?"

ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣದ ಒಂಬತ್ತು ಹಾಕ್ ವಿಮಾನಗಳು ಬಂದಾಗ ಮಾತ್ರ ಕಾಕಾ ಎದ್ದು ಕೂತ. ತಂಡದ ನೆಲೆ ಬೀದರ್ ಅಂತ ಹೇಳಿದ್ದೆ. "ನಮ್ಮ ಕಡೆಯವು" ಅಂತ ಪಕ್ಕದವರಿಗೂ ಹೇಳಿದ. ಒಂದರ ರೆಕ್ಕೆಗೂ ಇನ್ನೊಂದರ ರೆಕ್ಕೆಗೂ ನಡುವೆ ಒಂದು ಎತ್ತಿನ ಗಾಡಿ ನಿಲ್ಲಿಸುವಷ್ಟು ಜಾಗ. 2019ರ ಫೆಬ್ರುವರಿಯಲ್ಲಿ ಇದೇ ಯಲಹಂಕದ ಮೇಲೆ ಅಭ್ಯಾಸ ಮಾಡುವಾಗ ಈ ತಂಡದ ಎರಡು ವಿಮಾನ ತಾಗಿ ಒಬ್ಬ ಪೈಲಟ್ ಸತ್ತರು. ಆಗ ನಾನು ಹೈಸ್ಕೂಲಿನಲ್ಲಿದ್ದೆ, ಟಿವಿಯಲ್ಲಿ ನೋಡಿದ್ದೆ. ಕಾಕಾನಿಗೆ ಅದನ್ನು ಹೇಳಲಿಲ್ಲ. ಹೆಲಿಕಾಪ್ಟರ್ ತಂಡ ಸಾರಂಗ್ ಈ ಸಲ ಹಾರಲಿಲ್ಲ. ಜನವರಿಯಲ್ಲಿ ಪೋರಬಂದರಿನಲ್ಲಿ ಕರಾವಳಿ ಪಡೆಯ ಧ್ರುವ್ ಬಿದ್ದ ಮೇಲೆ ಆ ಜಾತಿಯ ಹೆಲಿಕಾಪ್ಟರುಗಳನ್ನೆಲ್ಲ ನೆಲಕ್ಕಿಳಿಸಿದ್ದಾರೆ.

ಮನೆಗೆ ಬರುವಾಗ ಇಬ್ಬರ ಮೂಗೂ ಕೆಂಪಾಗಿತ್ತು. ದಾರಿಯಲ್ಲಿ ಒಂದು ಅಂಗಡಿಯಲ್ಲಿ ತಂಪು ಕನ್ನಡಕ ಕೊಂಡೆ. ಅಂಗಡಿಯವನು ಪೋಲರೈಸ್ಡ್ ತಗೊಳ್ಳಿ, ಅದೇ ಬೆಸ್ಟ್ ಅಂದ. ಕಾರು ಓಡಿಸುವವರಿಗೆ ಇರಬಹುದು. ಅದನ್ನು ಹಿಡಿದು ಫೋನಿನ ಮುಂದೆ ನಿಧಾನಕ್ಕೆ ತಿರುಗಿಸಿದೆ. ಒಂದು ಕೋನದಲ್ಲಿ ಸ್ಕ್ರೀನ್ ಪೂರ್ತಿ ಕಪ್ಪಾಯಿತು. ವಿಮಾನದಲ್ಲಿ ನನ್ನ ಮುಂದಿರುವುದೂ ಅಂಥದ್ದೇ ಸ್ಕ್ರೀನು. ಇಳಿಯುವಾಗ ವೇಗ ಎಷ್ಟಿದೆ ಅಂತ ನೋಡಲು ಹೋಗಿ ಕತ್ತಲೆ ಕಂಡರೆ? ಸಾದಾ ಕನ್ನಡಕವನ್ನೇ ತೆಗೆದುಕೊಂಡೆ. ಅಗ್ಗವೂ ಆಯಿತು.

ಶುಕ್ರವಾರ, ಫೆಬ್ರುವರಿ 14

ಬೆಳಿಗ್ಗೆ ಮುಂಗಡ ಕೊಟ್ಟ ವ್ಯಾಪಾರಿಯ ಹತ್ತಿರ ಹೋದೆವು. ಹೆಡ್‌ಸೆಟ್ ಫೋಟೋದಲ್ಲಿ ಇದ್ದಂತೆಯೇ ಇತ್ತು. ಹಸಿರು ಬಟ್ಟಲು, ಕಿವಿಯ ಮೆತ್ತೆ ಹೊಸದು, ಮೈಕಿನ ದಾಂಡು ಗಟ್ಟಿ. ನಾನು ತಲೆಗೆ ಹಾಕಿ, ಬಿಗಿ ನೋಡಿ, ಕನ್ನಡಿಯಲ್ಲಿ ಒಂದು ಸಲ ನೋಡಿಕೊಂಡು ತೃಪ್ತಿಪಟ್ಟೆ. ಕಾಕಾ ಮಾತ್ರ ವೈರಿನ ತುದಿ ಹುಡುಕುತ್ತಿದ್ದ. ಅವನಿಗೆ ಯಾವ ಯಂತ್ರ ಕಂಡರೂ ಮೊದಲು ವೈರು ನೋಡುವ ಚಟ. ಹೊಲದ ಪಂಪ್‌ಸೆಟ್ಟಿನ ಮೋಟಾರಿನ ಜೊತೆ ಮೂವತ್ತು ವರ್ಷ ಜಗಳಾಡಿದ್ದಾನೆ.

"ತಂಗೀ, ನೀ ರೈಲಿನ್ಯಾಗ ಎರಡು ಪಿನ್ನು ಅಂದಿದ್ದಿ. ಇದಕ್ಕ ಒಂದ ಐತಲ್ಲ?"

ನೋಡಿದೆ. ಹೌದು, ಒಂದೇ ಪಿನ್ನು. ಸುರುಳಿ ವೈರಿನ ತುದಿಯಲ್ಲಿ, ಮೂರ್ನಾಲ್ಕು ಉಂಗುರ ಇರುವ ಒಂದೇ ಒಂದು ಪಿನ್ನು.

ನಮ್ಮಂಥ ಸಣ್ಣ ವಿಮಾನಗಳಲ್ಲಿ ಎರಡು ತೂತು ಇರುತ್ತವೆ. ದಪ್ಪದ್ದು, ಕಾಲು ಇಂಚಿನದು, ಕಿವಿಗೆ. ಅದಕ್ಕಿಂತ ಕೂದಲೆಳೆಯಷ್ಟು ತೆಳ್ಳಗಿನದು ಮೈಕಿಗೆ. ಅದಲು ಬದಲು ಆಗದಿರಲಿ ಅಂತಲೇ ದಪ್ಪ ಬೇರೆ ಬೇರೆ ಮಾಡಿದ್ದಾರೆ. ಒಂಟಿ ಪಿನ್ನಿನದು ಹೆಲಿಕಾಪ್ಟರಿಗೆ, ಸೈನ್ಯದ ವಿಮಾನಗಳಿಗೆ. ಬರೀ ಪಿನ್ನು ಬೇರೆ ಆಗಿದ್ದರೆ ಅಡಾಪ್ಟರ್ ಹಾಕಬಹುದಿತ್ತು. ವ್ಯಾಪಾರಿ ಹೇಳಿದ್ದೂ ಅದನ್ನೇ. ಆದರೆ ಬಟ್ಟಲಿನ ಮೇಲಿನ ಚೀಟಿ ಓದಿದಾಗ ಅದು ಸೈನ್ಯದ ಬಳಕೆಗೆ ಮಾಡಿದ್ದು ಅಂತ ಗೊತ್ತಾಯಿತು. ಅದರ ಮೈಕಿನ ಜಾತಿಯೇ ಬೇರೆ, ವಿದ್ಯುತ್ತಿನ ಲೆಕ್ಕವೂ ಬೇರೆ. ಸೆಸ್ನಾದ ರೇಡಿಯೋಕ್ಕೆ ಸಿಕ್ಕಿಸಿದರೆ ನಾನು ಗಂಟಲು ಹರಿಯುವ ಹಾಗೆ ಕೂಗಿದರೂ ನಿಲ್ದಾಣದ ಟವರಿನವರಿಗೆ ಕೇಳುವುದಿಲ್ಲ. ಫೋಟೋದಲ್ಲಿ ವೈರನ್ನು ಸುತ್ತಿ ಹಿಂದಕ್ಕೆ ಇಟ್ಟಿದ್ದು ಅಂದಕ್ಕಲ್ಲ ಅಂತ ಆಗ ಅರ್ಥವಾಯಿತು.

ಮುಂಗಡ ವಾಪಸ್ ಕೇಳಿದೆ. ಕೊಡುವುದಿಲ್ಲ ಅಂದ. ನಾನು ಸಿಟ್ಟಾದೆ, ದನಿ ಏರಿಸಿದೆ, ಉಪಯೋಗ ಆಗಲಿಲ್ಲ. ಕಾಕಾ ಏನೂ ಅನ್ನಲಿಲ್ಲ. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು, ಚೀಲದಿಂದ ಎಲೆ ಅಡಿಕೆ ತೆಗೆದು, ಸಾವಕಾಶ ಸುಣ್ಣ ಹಚ್ಚತೊಡಗಿದ. ಗಿರಾಕಿ ಬಂದರೆ, "ಬರ್ರಿ, ಎರಡು ಪಿನ್ನು ಐತೇನು ನೋಡಿ ತಗೋರಿ" ಅನ್ನುತ್ತಿದ್ದ. ಮುಕ್ಕಾಲು ಗಂಟೆ ಆದಮೇಲೆ ಎರಡು ಸಾವಿರ ವಾಪಸ್ ಬಂತು. ಇನ್ನೆರಡು ಸಾವಿರ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ನನಗೆ ಅಳು ಬರುವಂತಾಗಿತ್ತು. ಹೊಸ ಹೆಡ್‌ಸೆಟ್ ಕೊಳ್ಳೋಣ ಅಂದರೆ, ಗದ್ದಲವನ್ನು ವಿದ್ಯುತ್ತಿನಿಂದಲೇ ತಗ್ಗಿಸುವ ಬೋಸ್ ಕಂಪನಿಯದು ಲಕ್ಷ ದಾಟುತ್ತದೆ. ಕಾಕಾನ ಲೆಕ್ಕದಲ್ಲಿ ಹದಿನೆಂಟು ಕ್ವಿಂಟಲ್ ಕಡಲೆಗೂ ಮೇಲೆ.

ಆಗ ನೆನಪಾದದ್ದು ರಾಣೆಬೆನ್ನೂರಿನ ಅಕ್ಕ. ನಮ್ಮ ಹಾರಾಟದ ಶಾಲೆಯಲ್ಲೇ ಮೂರು ವರ್ಷದ ಹಿಂದೆ ಕಲಿತು, 200 ಗಂಟೆ ಮುಗಿಸಿ ಲೈಸೆನ್ಸ್ ತೆಗೆದುಕೊಂಡು, ಈಗ ಏರ್‌ಬಸ್ ಹಾರಿಸುತ್ತಾರೆ. ಸಹಕಾರ ನಗರದಲ್ಲಿ ಮನೆ. ಫೋನ್ ಮಾಡಿದೆ. "ಇವತ್ತು ಡ್ಯೂಟಿ ಇಲ್ಲ, ಬಾ. ನಂದೇ ಐತಿ, ಧೂಳು ತಿನ್ನಾಕತ್ತೈತಿ" ಅಂದರು. ಮೊದಲೇ ಯಾಕೆ ಕೇಳಲಿಲ್ಲವೋ! ದೊಡ್ಡವರಾದ ಮೇಲೆ ಮಾತಾಡಿಸುತ್ತಾರೋ ಇಲ್ಲವೋ ಅನ್ನುವ ಸಂಕೋಚ, ಅಷ್ಟೇ.

ಅವರ ಹೆಡ್‌ಸೆಟ್ಟೂ ಹಸಿರು ಡೇವಿಡ್ ಕ್ಲಾರ್ಕೇ, ಎರಡು ಪಿನ್ನಿನದು. ಏರ್‌ಬಸ್ಸಿಗೆ ಐದು ಮುಳ್ಳಿನ ಬೇರೆಯೇ ಥರದ ಪಿನ್ನು ಬೇಕು. ಹಾಗಾಗಿ ಇದು ಕಪಾಟಿನಲ್ಲೇ ಕೂತಿತ್ತು. ಕಾಕಾ ಮೊದಲು ವೈರಿನ ತುದಿಯನ್ನೇ ಕೈಗೆ ತೆಗೆದುಕೊಂಡ. ಎರಡನ್ನೂ ಬೆರಳಲ್ಲಿ ಉಜ್ಜಿ ನೋಡಿ ತಲೆ ಆಡಿಸಿದ.

ಇದರಲ್ಲಿ ಬ್ಯಾಟರಿ ಇಲ್ಲ, ಗೀಟರಿ ಇಲ್ಲ. ಕಿವಿಯನ್ನು ಗಟ್ಟಿಯಾಗಿ ಮುಚ್ಚಿ 23 ಡೆಸಿಬೆಲ್‌ನಷ್ಟು ಸದ್ದು ತಡೆಯುತ್ತದೆ. ಬಿಗಿ ಜಾಸ್ತಿ. ಐದು ನಿಮಿಷ ಹಾಕಿಕೊಂಡಿದ್ದರೆ ಕಿವಿಯ ಓಲೆ ಒಳಗೆ ಚುಚ್ಚತೊಡಗಿತು. "ಓಲಿ ತಗದ ಹಾರು. ಕನ್ನಡಕದ ಕಡ್ಡಿ ತೆಳ್ಳಂದಿರಲಿ, ದಪ್ಪ ಇದ್ರ ಸಂದಿನ್ಯಾಗ ಸದ್ದು ಬರತೈತಿ. ಜಡಿ ಕೆಳಗ ಕಟ್ಟು, ಪಟ್ಟಿಯ ಬುಡಕ್ಕ ಬರಬಾರದು. ಮೈಕು ತುಟಿಗೆ ತಾಗೂ ಹಂಗಿರಬೇಕು, ಇಲ್ಲಂದ್ರ ಎಂಜಿನ್ ಸದ್ದ ಟವರಿಗೆ ಹೋಗತೈತಿ" ಅಂತ ಅಕ್ಕ ಒಂದೇ ಉಸಿರಿಗೆ ಹೇಳಿದರು. ಈ ಓಲೆ, ಜಡೆಯ ಮಾತು ನನಗೆ ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಕಲಿಸುವವರೆಲ್ಲ ಗಂಡಸರು, ಅವರಿಗೆ ಎಲ್ಲಿಂದ ಹೊಳೆಯಬೇಕು.

ಹದಿನೈದು ಸಾವಿರಕ್ಕೆ ಮಾತಾಯಿತು. ಅದರ ಜೊತೆ ನೀಬೋರ್ಡು, ಕೆಂಪು ಟಾರ್ಚು, ಇಂಧನದ ಕೊಳವೆ ಹಾಗೇ ಕೊಟ್ಟರು. ಕೊಳವೆ ಅಂದರೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಲೋಟ, ನಡುವೆ ಒಂದು ಮೊಳೆ. ರೆಕ್ಕೆಯ ಕೆಳಗಿನ ಬಿರಡೆಗೆ ಒತ್ತಿದರೆ ಸ್ವಲ್ಪ ಪೆಟ್ರೋಲು ಇಳಿಯುತ್ತದೆ. ನೀರು ಸೇರಿದ್ದರೆ ಬುಡದಲ್ಲಿ ಗುಳ್ಳೆಯ ಹಾಗೆ ಬೇರೆಯಾಗಿ ಕೂರುತ್ತದೆ. ಪೂರ್ತಿ ನೀರೇ ಬಂದರೆ ಗುಳ್ಳೆ ಕಾಣುವುದಿಲ್ಲ. ಅದಕ್ಕೇ ನೀಲಿ ಬಣ್ಣ ಇದೆಯೋ ಅಂತ ಆಕಾಶದ ಕಡೆ ಅಲ್ಲ, ಬಿಳಿ ರೆಕ್ಕೆಯ ಎದುರು ಹಿಡಿದು ನೋಡಬೇಕು. ಕಾಕಾನಿಗೆ ಇದು ತಕ್ಷಣ ಅರ್ಥವಾಯಿತು. ಟ್ರ್ಯಾಕ್ಟರಿನ ಡೀಸೆಲ್ ಫಿಲ್ಟರಿನ ಬುಡದಲ್ಲೂ ನೀರು ಇಳಿಸುತ್ತಾರಲ್ಲ, ಅದೇ. ಎರಡು ದಿನದಲ್ಲಿ ಅವನಿಗೆ ಪೂರ್ತಿ ಒಪ್ಪಿಗೆಯಾದ ಮೊದಲ ವಿಮಾನದ ಸಾಮಾನು ಇದು.

ಕೊನೆಗೆ ಅಕ್ಕ ಒಂದು ದುಂಡನೆಯ ಹಲಗೆ ತಂದರು. ಇ6ಬಿ. ಹೆಸರು ಫ್ಲೈಟ್ ಕಂಪ್ಯೂಟರ್, ಒಳಗೆ ಒಂದು ವೈರೂ ಇಲ್ಲ. ತಿರುಗುವ ಚಕ್ರ, ಜಾರುವ ಪಟ್ಟಿ, ತುಂಬ ಅಂಕಿ. ಗಾಳಿಗೆ ತಕ್ಕ ಹಾಗೆ ದಾರಿಯ ಲೆಕ್ಕ ಹಾಕುವುದು ಇದರಲ್ಲೇ.

"ಪಂಚಾಂಗ ಇದ್ದಂಗ ಐತಲ್ಲ!" ಅಂದ ಕಾಕಾ.

"ಹೌದ್ರಿ ಕಾಕಾರ, ಗಾಳಿಯ ಪಂಚಾಂಗ" ಅಂದು ಅಕ್ಕ ನನ್ನ ಕಡೆ ತಿರುಗಿದರು. "ಇದು ಪುಕ್ಕಟೆ. ಆದ್ರ ಒಂದು ಲೆಕ್ಕ ಬಿಡಿಸಬೇಕು. ಬೆಳಗಾವಿಯಿಂದ ಹುಬ್ಬಳ್ಳಿಗೆ ಹೊಂಟೀ. ದಾರಿ 138 ಡಿಗ್ರಿ, ದೂರ 40 ನಾಟಿಕಲ್ ಮೈಲಿ. ನಿನ್ನ ವೇಗ 90 ನಾಟ್, ಅಂದ್ರ ತಾಸಿಗೆ ಅಷ್ಟು ನಾಟಿಕಲ್ ಮೈಲಿ. ಗಾಳಿ 270ರಿಂದ, 20 ನಾಟ್. ಮೂತಿ ಯಾ ಕಡೆ ಇಡತೀ?"

ಪೆನ್ಸಿಲ್ ತೆಗೆದುಕೊಂಡೆ. ಚಕ್ರವನ್ನು 270ಕ್ಕೆ ತಿರುಗಿಸಿ, 20ರ ದೂರಕ್ಕೆ ಚುಕ್ಕಿ ಇಟ್ಟೆ. ಆಮೇಲೆ 138 ಮೇಲೆ ತಂದು, ಚುಕ್ಕಿ 90ರ ಗೆರೆಗೆ ಬರುವ ಹಾಗೆ ಪಟ್ಟಿ ಜಾರಿಸಿದೆ. ಚುಕ್ಕಿ ಎಡಕ್ಕೆ ಹತ್ತು ಡಿಗ್ರಿ ತೋರಿಸಿತು. "128" ಅಂದೆ, ಬಹಳ ಧೈರ್ಯದಿಂದ.

ಅಕ್ಕ ನಕ್ಕರು. ಚುಕ್ಕಿಯನ್ನು ನಡುವಿನಿಂದ ಮೇಲೆ ಇಡುವ ಬದಲು ಕೆಳಗೆ ಇಟ್ಟಿದ್ದೆ. ಗಾಳಿ ಪಶ್ಚಿಮದಿಂದ ಬಂದು ನನ್ನನ್ನು ಎಡಕ್ಕೆ ತಳ್ಳುತ್ತಿದೆ. ನಾನೂ ಎಡಕ್ಕೇ ಮೂತಿ ತಿರುಗಿಸಿದರೆ ಏನಾಗಬೇಕು? ಸರಿಯಾದ ಉತ್ತರ 148ರ ಹತ್ತಿರ. ಬಲಕ್ಕೆ, ಗಾಳಿಯ ಎದುರಿಗೆ. ನೆಲದ ಮೇಲಿನ ವೇಗ 102, ಇಪ್ಪತ್ನಾಲ್ಕು ನಿಮಿಷದಲ್ಲಿ ಹುಬ್ಬಳ್ಳಿ. ಅಕ್ಕ ನನ್ನ ತಪ್ಪು ಉತ್ತರದ ಮೇಲೆ ನಕ್ಷೆಯಲ್ಲಿ ಗೆರೆ ಎಳೆದು ತೋರಿಸಿದರು.

"ನೋಡ, ಹುಬ್ಬಳ್ಳಿ ಬಲಕ್ಕ ಹನ್ನೆರಡು ಮೈಲಿ ದೂರ ಉಳೀತು. ನೀ ನವಲಗುಂದದ ದಾರಿ ಹಿಡದಿ."

"ಹೋಗಲಿ ಬಿಡ್ರಿ," ಅಂದ ಕಾಕಾ. "ನವಲಗುಂದದಾಗ ನಮ್ಮ ಬೀಗರದಾರ. ಊಟಾ ಮಾಡಿಸಿ ಕಳಸತಾರ."

ಇ6ಬಿ ಕೊಟ್ಟರು. ಜೊತೆಗೆ ಇಂಥ ಹತ್ತು ಲೆಕ್ಕ ಬರೆದುಕೊಟ್ಟು, ನ್ಯಾವಿಗೇಷನ್ ಪರೀಕ್ಷೆಗೆ ಮೊದಲು ಬಿಡಿಸಿ ಫೋಟೋ ಕಳಿಸು ಅಂದರು. ಪಾಸಾಗಲು ನೂರಕ್ಕೆ ಎಪ್ಪತ್ತು ಬೇಕು. ಹೊರಡುವಾಗ ಕಾಕಾ ಚೀಲದಲ್ಲಿ ಉಳಿದಿದ್ದ ರೊಟ್ಟಿ, ಎರಡೂ ಹಿಂಡಿ ಅವರ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಬಂದ. ರಾಣೆಬೆನ್ನೂರಿನವರು ಬ್ಯಾಡ ಅನ್ನುತ್ತಾರೆಯೇ.

ಶನಿವಾರ, ಫೆಬ್ರುವರಿ 15

ಹಗಲು ರೈಲಿನಲ್ಲಿ ವಾಪಸ್. ಹೇಳುವಂಥದ್ದು ಜಾಸ್ತಿ ಇಲ್ಲ. ಎದುರು ಸೀಟಿನಲ್ಲಿ ಒಬ್ಬರು ಅರಸೀಕೆರೆಯಿಂದ ದಾವಣಗೆರೆಯವರೆಗೆ ಫೋನಿನಲ್ಲಿ ಜೋರಾಗಿ ಧಾರಾವಾಹಿ ನೋಡಿದರು. ಕಾಕಾ ತಡೆದು ತಡೆದು, ಕೊನೆಗೆ ಹೆಡ್‌ಸೆಟ್ ಕೇಳಿ ಇಸಿದುಕೊಂಡು ಟೊಪ್ಪಿಗೆಯ ಮೇಲೇ ಹಾಕಿಕೊಂಡ. ಎರಡು ಪಿನ್ನು ಎದೆಯ ಮೇಲೆ ನೇತಾಡುತ್ತಿದ್ದವು. ಎರಡು ನಿಮಿಷದಲ್ಲಿ ನಿದ್ದೆ ಹೋದ. ಟಿಸಿ ಬಂದು ಎರಡು ಸಲ ಕರೆದರೂ ಕೇಳಲಿಲ್ಲ. 23 ಡೆಸಿಬೆಲ್ ಅಂದರೆ ಎಷ್ಟು ಅಂತ ನನಗೆ ಅವತ್ತು ಸರಿಯಾಗಿ ತಿಳಿಯಿತು.

ಬ್ಯಾಡಗಿ ಬಂದಾಗ ಎಬ್ಬಿಸಿದೆ. ಎಬ್ಬಿಸದಿದ್ದರೆ ಬೈಯುತ್ತಿದ್ದ. ಕಿಟಕಿಗೆ ಮುಖ ಇಟ್ಟು ಉದ್ದಕ್ಕೆ ಉಸಿರೆಳೆದು, ಇವತ್ತಿನ ಆವಕ ಹೆಂಗಿದ್ದೀತು ಅಂತ ಯಾರಿಗೋ ಫೋನ್ ಹಚ್ಚಿದ.

ಹುಬ್ಬಳ್ಳಿಯಲ್ಲಿ ನಮ್ಮ ಬೋಗಿ ಪ್ಲಾಟ್‌ಫಾರ್ಮಿನ ಆ ಕೊನೆಗೆ ನಿಂತಿತು. ಕಾಕಾನಿಗೆ ಗದಗದ ಗಾಡಿ ಹಿಡಿಯಬೇಕಿತ್ತು. ಚೀಲ ಹೊತ್ತು ನಡೆದೇ ನಡೆದೆವು. ಮೂರು ವಿಮಾನ ಇಳಿಸುವ ನನ್ನ ಲೆಕ್ಕ ಹೇಳಿದೆ. "ವಿಮಾನ ಇಳೀಲಿ, ಬ್ಯಾಡ ಅನ್ನೂದಿಲ್ಲ," ಅಂದ ಏದುಸಿರು ಬಿಡುತ್ತ. "ಮನಶ್ಯಾರು ನಡೀಬೇಕಲ್ಲ."

ಸೋಮವಾರ, ಫೆಬ್ರುವರಿ 17

ಬೆಳಿಗ್ಗೆ ಹಾರಾಟಕ್ಕೆ ಹೊರಡುವ ಮೊದಲು ಎರಡೂ ಪಿನ್ನು ಸಿಕ್ಕಿಸಿದೆ. ದಪ್ಪದ್ದು ಒಂದು ಕಡೆ, ತೆಳ್ಳಗಿನದು ಇನ್ನೊಂದು ಕಡೆ, ಟಕ್ ಟಕ್ ಅಂತ ಕೂತವು. ಓಲೆ ತೆಗೆದು ಕಿಸೆಯಲ್ಲಿ ಇಟ್ಟುಕೊಂಡಿದ್ದೆ.

ಇಳಿದು ಬಂದು ನೋಡಿದರೆ ಫೋನಿನಲ್ಲಿ ಕಾಕಾನ ಧ್ವನಿ ಸಂದೇಶ. ಹಿಂದೆ ಗಾಳಿಯ ಭರ್ ಭರ್ ಸದ್ದು. ಹೊಲದಲ್ಲೇ ನಿಂತು ಮಾತಾಡಿದ್ದಾನೆ.

"ಇವತ್ತ ಗುಡ್ಡದ ಮ್ಯಾಲಿನ ಫ್ಯಾನ್ ಎಲ್ಲಾ ಮೂಡಲಕ್ಕ ಮಾರಿ ಮಾಡಿ ನಿಂತಾವು. ಚುಕ್ಕಿ ಸರಿಯಾಗಿ ಇಡು. ನವಲಗುಂದಕ್ಕ ಹೋಗಬ್ಯಾಡ, ಬೀಗರು ಊರಾಗಿಲ್ಲ."